ಆ್ಯಪ್‌ಗೆ ಸರ್ಚ್ ಬಂದಿದೆ, ಬಳಸಿ ನೋಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ಬೆಳೆಗಾರರ ವೆಬ್ ಆ್ಯಪ್‌ಗೆ ನಿನ್ನೆ ರಾತ್ರಿ ಸರ್ಚ್ ಸೇರಿಸಿದ್ದೇವೆ. ಇನ್ನು ಸುಮ್ನೆ ಮೆನು ತಡಕಬೇಕಿಲ್ಲ. 'ಕೊಳೆ' ಅಂತ ಬರೆದರೆ ಸಾಕು, ಅಡಿಕೆಗೆ ಬರುವ ಕೊಳೆರೋಗ, ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಪುಟಗಳು ಕೆಳಗೆ ಬರುತ್ತವೆ. ಮುಟ್ಟಿದರೆ ನೇರ ಅಲ್ಲಿಗೇ ಹೋಗುತ್ತೀರಿ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ದರಕ್ಕೂ ಹೀಗೆಯೇ.

ಕೋಡ್ ನೋಡುವವರು ಗಮನಿಸಿ: ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ 'ಕೊ' ಅಕ್ಷರದ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ಸೇರಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ನಾರ್ಮಲೈಸ್ ಮಾಡದೆ (ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರದೆ) ಹೋಲಿಸಿದರೆ ಕೊಳೆರೋಗ ಸಿಗುವುದೇ ಇಲ್ಲ! ಎರಡು ದಿನ ಇದರಲ್ಲೇ ಹೋಯಿತು. ದಯವಿಟ್ಟು ಕೋಡ್‌ನಲ್ಲಿ ನಾರ್ಮಲೈಸ್ ಮಾಡುವ ಆ ಸಾಲು ತೆಗೆಯಬೇಡಿ.

ಪುಟ ರೀಲೋಡ್ ಆಗದ ಆ್ಯಪ್ ಅಲ್ವಾ, ಅದಕ್ಕೇ ಪ್ರತಿ ಆಯ್ಕೆಗೂ, ಬ್ರೌಸರ್‌ನ ಹಿಸ್ಟರಿಗೆ ಹೊಸ ನಮೂದು ಸೇರಿಸುವ ಪುಶ್‌ಸ್ಟೇಟ್ ಬಳಸಿ ವಿಳಾಸ ಬದಲಿಸಿದ್ದೇವೆ. ಬ್ಯಾಕ್ ಒತ್ತಿದರೆ ಹಿಂದಿನ ಪುಟವೇ ಬರಬೇಕು. ಸಾಗರ, ಹೊಸನಗರದ ಕಡೆಯವರು ನೆಟ್‌ವರ್ಕ್ ಕಮ್ಮಿ ಇರುವಾಗ ನೋಡಿ ಇಲ್ಲೇ ತಿಳಿಸಿ.