ಆನೆ ಇದ್ದರೆ ಹೀರೋ, ಹುಡುಗಿ ಬಂದರೆ ಗೆಳೆಯ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಮಕ್ಕಳ ನಾಟಕಕ್ಕೆ ಪಾತ್ರ ಹಂಚುವಾಗ ನಡೆದ ಒಂದು ಸಂಗತಿ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಮಗೆಲ್ಲ ಗೊತ್ತಿರುವ ಮಹಿಷಾಸುರನ ಕಥೆ. ಮಕ್ಕಳೆಲ್ಲ ನೆಲದ ಮೇಲೆ ಕೂತಿದ್ದರು, ಹತ್ತೇ ನಿಮಿಷದಲ್ಲಿ ಹಂಚಿಕೆ ಮುಗಿಯಿತು. ಬೆಳ್ಳಗಿರುವ ಹುಡುಗಿ ದೇವಿ. ಕಪ್ಪಗಿರುವ ನಾಲ್ಕು ಹುಡುಗರು ಅಸುರರು. ಯಾರೂ ಬೇಕು ಅಂತ ಮಾಡಿದ್ದಲ್ಲ. ನಾನೂ ಅಲ್ಲೇ ಕೂತು ಪಟ್ಟಿ ಬರೆದುಕೊಳ್ಳುತ್ತಿದ್ದೆ, ನನಗೂ ಏನೂ ಅನ್ನಿಸಲಿಲ್ಲ. ಎಲ್ಲ ಎದ್ದ ಮೇಲೆ ಒಂಬತ್ತು ವರ್ಷದ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಆಂಟಿ, ಪೌಡರ್ ಜಾಸ್ತಿ ಹಚ್ಕೊಂಡ್ರೆ ನಾನು ದೇವಿ ಆಗ್ಬಹುದಾ?"

"ನೋಡೋಣ ಪುಟ್ಟಾ" ಅಂದೆ. ಬೇರೆ ಮಾತು ಬರಲಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಸಾಬು ಅನ್ನುವ ಸಿನಿಮಾ ನಟ. ಹಿರಿಯರಿಗೆ ಹೆಸರು ಗೊತ್ತಿರಬಹುದು, ನಮ್ಮ ಮಕ್ಕಳಿಗೆ ಖಂಡಿತ ಗೊತ್ತಿಲ್ಲ. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಹುಡುಗ. ಈಗ ಕಬಿನಿ ನೋಡಲು ಹೋಗುತ್ತೀರಲ್ಲ, ಅದೇ ಊರು. ಅಪ್ಪ ಮಹಾರಾಜರ ಆನೆ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಆನೆ ಲಾಯದಲ್ಲೇ ಬೆಳೆದ. ಸಿನಿಮಾ ತೆಗೆಯಲು ಬಂದಿದ್ದ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಂದಾಗ ಅವನಿಗೆ ಹದಿಮೂರು. ಅಷ್ಟು ಚಿಕ್ಕ ವಯಸ್ಸಿಗೇ ಇಂಗ್ಲೆಂಡ್, ಅಮೆರಿಕದಲ್ಲೆಲ್ಲ ಮನೆಮಾತಾದ.

ಆದರೆ ಅವನಿಗೆ ಸಿಕ್ಕ ಪಾತ್ರಗಳನ್ನು ಸ್ವಲ್ಪ ನೋಡಿ. ಆನೆ, ಹುಲಿ, ಹಾವು ಜೊತೆಗಿದ್ದರೆ ಅವನೇ ಹೀರೋ. 1942ರ 'ಜಂಗಲ್ ಬುಕ್'ನಲ್ಲಿ ಮೋಗ್ಲಿ ಅವನೇ. ಕಥೆಯೊಳಗೆ ಒಬ್ಬ ರಾಜಕುಮಾರಿ ಬಂದಳೋ, ಇವನು ಪಕ್ಕಕ್ಕೆ ಸರಿಯಬೇಕು. 1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ಇವನು ಅಬು ಅನ್ನುವ ಕಳ್ಳ. ಬಾಗ್ದಾದಿನ ರಾಜ ಆಗಿದ್ದು ಇಂಗ್ಲಿಷ್ ನಟ ಜಾನ್ ಜಸ್ಟಿನ್, ರಾಜಕುಮಾರಿ ಇಂಗ್ಲಿಷ್ ನಟಿ ಜೂನ್ ಡುಪ್ರೆ. ಅವರಿಬ್ಬರನ್ನೂ ಕಾಪಾಡುವುದು ಸಾಬು. ಕೊನೆಗೆ ಅವರು ಒಂದಾಗುತ್ತಾರೆ, ಇವನು ಮಂತ್ರದ ಜಮಖಾನದ ಮೇಲೆ ಒಬ್ಬನೇ ಹಾರಿ ಹೋಗುತ್ತಾನೆ. ಆಗ ಅವನಿನ್ನೂ ಹುಡುಗ, ಸರಿ. ಆದರೆ ಹಾಲಿವುಡ್‌ಗೆ ಹೋದ ಮೇಲೂ, 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಎಲ್ಲದರಲ್ಲೂ ಹೀರೋ ಅಮೆರಿಕದ ಜಾನ್ ಹಾಲ್, ಸಾಬು ಗೆಳೆಯ. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಅಂತೂ ಅವನಿಗೊಬ್ಬಳು ಜೋಡಿ ಸಿಕ್ಕಳು, ನಮ್ಮ ದೇಶದ ಹುಡುಗಿಯ ಪಾತ್ರ. ಮಾಡಿದ್ದು ಜೀನ್ ಸಿಮನ್ಸ್, ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು. ಆ ಹುಡುಗಿಗೆ ಹೆಚ್ಚುಕಡಿಮೆ ಮಾತೇ ಇಲ್ಲ. ನೋಡುತ್ತಾಳೆ, ಕುಣಿಯುತ್ತಾಳೆ, ಅಷ್ಟೇ.

ಇದೇ ಸಾಬು ಅಮೆರಿಕದ ಪ್ರಜೆಯಾಗಿ ಎರಡನೇ ಮಹಾಯುದ್ಧಕ್ಕೆ ಹೋದ, ಬಾಂಬರ್ ವಿಮಾನದಲ್ಲಿ ಬಂದೂಕು ಹಿಡಿದು ಕೂತ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ವಾಪಸ್ ಬಂದ ಮೇಲೂ ಸಿಕ್ಕಿದ್ದು ಹೆಚ್ಚಾಗಿ ಅದೇ ಕಾಡು, ಅದೇ ಪೇಟ. 1963ರಲ್ಲಿ, 39ನೇ ವಯಸ್ಸಿಗೇ ಹೃದಯಾಘಾತದಿಂದ ಹೋಗಿಬಿಟ್ಟ.

ನನಗೆ ತುಂಬಾ ನೋವಾಗುವ ವಿಷಯ ಇದಾದ ಮೇಲಿನದು. 1992ರ 'ಅಲ್ಲಾದ್ದೀನ್' ಕಾರ್ಟೂನ್ ನಮ್ಮ ಮನೆಗಳಲ್ಲಿ ಓಡದ ವಾರ ಇಲ್ಲ ಅಲ್ವಾ? ಅದರಲ್ಲಿನ ಜಾಫರ್, ಅಬು ಎರಡೂ ಹೆಸರು ಆ ಹಳೆಯ ಬಾಗ್ದಾದ್ ಸಿನಿಮಾದಿಂದ ಬಂದವು. ಕಾರಾಪುರದ ಹುಡುಗ ಮಾಡಿದ ಅಬು ಇಲ್ಲಿ ಕೋತಿ. ಅಲ್ಲಾದ್ದೀನನ ಮುಖ ಬಿಡಿಸುವಾಗ ಟಾಮ್ ಕ್ರೂಸ್‌ನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅಲ್ಲಾದ್ದೀನನೂ ರಾಜಕುಮಾರಿ ಜಾಸ್ಮಿನ್‌ಳೂ ಮಾತಾಡುವುದು ಪಕ್ಕಾ ಅಮೆರಿಕನ್ನರ ಹಾಗೆ. ಅಂಗಡಿಯವರು, ಸಿಪಾಯಿಗಳ ನಾಲಿಗೆಗೆ ಮಾತ್ರ ಬೇರೆ ಉಚ್ಚಾರಣೆ, ಮೂಗೂ ದೊಡ್ಡದು. ಮೊದಲ ಹಾಡಿನಲ್ಲೇ ಅಲ್ಲಿನ ಜನ ಕಿವಿ ಕತ್ತರಿಸುತ್ತಾರೆ ಅನ್ನುವ ಸಾಲಿತ್ತು, ಅರಬ್ ಅಮೆರಿಕನ್ನರು ಗಲಾಟೆ ಮಾಡಿದ ಮೇಲೆ 1993ರಲ್ಲಿ ಅದನ್ನು ಬದಲಾಯಿಸಿದರು. ಅಂದರೆ ಕೇಳಿದರೆ ಬದಲಾಗುತ್ತದೆ. ಇನ್ನು ಖಳನಾಯಕ ಜಾಫರ್‌ನ ಕಣ್ಣಿಗೆ ಕಾಡಿಗೆ, ನಡಿಗೆಯಲ್ಲಿ ಬಳುಕು. ಗಂಡಸು ಸ್ವಲ್ಪ ಮೆದುವಾಗಿದ್ದರೆ ಅವನನ್ನು ನಂಬಬೇಡ ಅಂತ ಐದು ವರ್ಷದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಕಲಿಸೋಕಾಗಲ್ಲ.

ಹಾಲಿವುಡ್‌ನವರನ್ನು ಬೈದು ಸುಮ್ನಿರಲು ನನಗೆ ಆಗುವುದಿಲ್ಲ. ನಮ್ಮ ಸಿನಿಮಾದಲ್ಲೂ ರೌಡಿ ಪಟಾಲಂ ಕಪ್ಪು, ನಾಯಕಿ ಮುಂಬೈನಿಂದ ಬಂದ ಬಿಳಿ ಹುಡುಗಿ. 'ಸಂಪತ್ತಿಗೆ ಸವಾಲ್' ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡುವುದು ಈಗಲೂ ಬಾಯಿಗೆ ಬರುತ್ತದೆ. ಆದರೆ ಅದರಲ್ಲಿ ಮಂಜುಳಾ ಎಂಥ ಗಟ್ಟಿಗಿತ್ತಿ! ಆ ಹೆಣ್ಣಿನ ಸೊಕ್ಕು ಮುರಿಯುವುದನ್ನೇ ನಾವೆಲ್ಲ ಕಾದು ಕೂತು ನೋಡಿದೆವು, ಚಪ್ಪಾಳೆ ತಟ್ಟಿದೆವು. 1974ರಿಂದ ಈಚೆಗೆ ಅದೇ ಕಥೆ ಎಷ್ಟು ಸಿನಿಮಾದಲ್ಲಿ ಬಂತು! ಮೊದಲರ್ಧದಲ್ಲಿ ಪ್ಯಾಂಟು, ಎದುರು ಮಾತು. ಎರಡನೇ ಅರ್ಧದಲ್ಲಿ ಸೀರೆ, ಕುಂಕುಮ, ತಗ್ಗಿದ ತಲೆ. ಗಂಡು ಜೋರಾಗಿ ಮಾತಾಡಿದರೆ ಹೀರೋ, ಹೆಣ್ಣು ಮಾತಾಡಿದರೆ ಬಜಾರಿ.

ಇದನ್ನೆಲ್ಲ ನೋಡಿ ಬೆಳೆದ ಕೈಯಲ್ಲೇ ನಾನು ಆವತ್ತು ಪಟ್ಟಿ ಬರೆದದ್ದು.

ಹಾಗಾಗಿ ಸಮಿತಿಯವರ ಜೊತೆ ಮಾತಾಡಿ ಹಂಚಿಕೆ ರದ್ದು ಮಾಡಿದ್ದೇವೆ. ಮುಂದಿನ ಭಾನುವಾರ ಮಕ್ಕಳು ಒಬ್ಬೊಬ್ಬರಾಗಿ ಪರದೆ ಹಿಂದೆ ನಿಂತು ಮಾತು ಹೇಳಲಿ, ನಾವು ಕಿವಿಯಿಂದ ಮಾತ್ರ ಆರಿಸುತ್ತೇವೆ. ಹುಡುಗ ಹುಡುಗಿ ಯಾರು ಯಾವ ಪಾತ್ರಕ್ಕೆ ಬೇಕಾದರೂ ಬರಬಹುದು. ಅಮ್ಮಂದಿರು ದಯವಿಟ್ಟು ಮುಖಕ್ಕೆ ಬಣ್ಣ ಹಚ್ಚಿ ಕರೆತರಬೇಡಿ. ಆಮೇಲೆ ಕಾಫಿ ಕುಡಿದು, ಮಕ್ಕಳ ಜೊತೆ ಕೂತು 'ಎಲಿಫೆಂಟ್ ಬಾಯ್' ನೋಡೋಣ.

ಆ ಪುಟ್ಟಿಯ ಅಮ್ಮನಿಗೆ ಫೋನ್ ಮಾಡಿದ್ದೆ. ದೇವಿಯ ಮಾತೆಲ್ಲ ಬಾಯಿಪಾಠ ಆಗಿದೆಯಂತೆ. ಮಹಿಷಾಸುರನದ್ದೂ ಕಲಿತಿದ್ದಾಳಂತೆ, ಅದು ಇನ್ನೂ ಜೋರಾಗಿ ಬರುತ್ತದಂತೆ.