ಬಂದರು ಬಂದ್ ಇರುವ ದಿನಗಳಲ್ಲಿ ಅಕ್ಕಪಕ್ಕ ನೋಡೋಣ

ಎಲ್ಲರಿಗೂ ನಮಸ್ಕಾರ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಒಟ್ಟು 61 ದಿನ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿ ನಿಂತಿವೆ. ದಿನಗೂಲಿಯವರ ಮನೆಯಲ್ಲಿ ಈಗಲೇ ಕಷ್ಟ ಜಾಸ್ತಿ. ಆದರೆ ಅವರು ಬಾಯಿಬಿಟ್ಟು ಕೇಳುವುದಿಲ್ಲ, ಅಲ್ವಾ?

ನಮ್ಮ ಕೇರಿಯ ಅಜ್ಜಿ ಚಪ್ಪಲಿಯ ಕಿತ್ತ ಬಾರಿಗೆ ಸೇಫ್ಟಿ ಪಿನ್ ಹಾಕಿಕೊಂಡು ಚರ್ಚಿನ ಪೂಜೆಗೆ ಬರುತ್ತಿದ್ದಾರೆ. ಮೂರು ಭಾನುವಾರ ಅವರ ಪಕ್ಕದಲ್ಲೇ ಕೂತಿದ್ದೆ. ಮೊನ್ನೆಯಷ್ಟೇ ನನ್ನ ಕಣ್ಣಿಗೆ ಬಿತ್ತು. ತುಂಬಾ ಸಂಕಟವಾಯಿತು.

1833ರಲ್ಲಿ ಪ್ಯಾರಿಸ್‌ನಲ್ಲಿ ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಶುರು ಮಾಡಿದ ಹುಡುಗರು ಬಡವರ ಮನೆಗೇ ಹೋಗುತ್ತಿದ್ದರು. ನಾವೂ ಈ ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬಿಬ್ಬರಾಗಿ ಹೋಗೋಣ. ಕುಚ್ಚಲಕ್ಕಿ, ಬೇಳೆ, ಸೂರಿಗೆ ತಾಡಪತ್ರಿ ಕೊಡುವವರು ಹೇಳಿ. ಸ್ವಲ್ಪ ಕೂತು ಮಾತಾಡಿ ಬನ್ನಿ, ಸುಮ್ನೆ ಚೀಲ ಇಟ್ಟು ಬರಬೇಡಿ. ಫೋಟೋ ಬೇಡವೇ ಬೇಡ. ಯಾರಿಗೆ ಏನು ಬೇಕೆಂದು ಗೊತ್ತಾದರೆ ಇಲ್ಲಿ ಹೆಸರು ಹಾಕದೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ.