ನಿಮ್ಮೂರಿನ ಮಂಟಪ ಯಾವುದು?

ಸಾಗರ ತಾಲ್ಲೂಕು
ಆಗಸ್ಟ್ 2025

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಅನ್ನುವುದನ್ನು ಈ ಸಲ ಮಳೆ ಸಾಧಿಸಿಯೇ ತೋರಿಸುತ್ತಿದೆ. ಅಡಿಕೆಗೆ ಎರಡನೇ ಮದ್ದು ಆಗಬೇಕು. ಸುಣ್ಣ, ಮೈಲುತುತ್ತ ತಂದಿಟ್ಟು ಎಂಟು ದಿನವಾಯ್ತು, ಅರ್ಧ ದಿನದ ಹೊಳವು ಸಿಕ್ಕಿಲ್ಲ. ಕೂತು ಬರೆಯಲು ಪುರುಸೊತ್ತಿದೆ ಅಂತಲೇ ಇಟ್ಟುಕೊ.

ಕೊಳ್ಳಬೇಕೆಂದು ನೀನು ನೋಡಿಟ್ಟ ಮನೆಯ ವಿಡಿಯೊ ನೋಡಿದೆ. ಹಿಂಬಾಗಿಲು ತೆಗೆದರೆ ನಾಲ್ಕು ಮೆಟ್ಟಿಲು, ಮರದ ಕಟ್ಟೆ, ಅದಕ್ಕೆ ಕಟ್ಟಿದ ದೋಣಿ, ಆಮೇಲೆ ನೀರೇ ನೀರು. ನಿನ್ನ ದೊಡ್ಡಮ್ಮ ‘ಅಯ್ಯೋ, ಪಾತ್ರೆ ತೊಳೆಯಲು ಎಷ್ಟು ಅನುಕೂಲ’ ಅಂದಳು. ನಿನ್ನಪ್ಪ ಮಾತ್ರ ಮೂರು ಸಲ ಫೋನ್ ಮಾಡಿದ್ದಾನೆ. ಶಿವಮೊಗ್ಗದ ಸೈಟು ಮಾರಿ ನಿನ್ನ ಪಾಲು ಕಳಿಸಬೇಕಾದರೆ ನನ್ನ ಸಹಿಯೂ ಬೇಕು. ‘ಅಣ್ಣ, ನೀನೇ ಒಂದು ಮಾತು ಹೇಳು’ ಅನ್ನುತ್ತಾನೆ. ಫೋನಿನಲ್ಲಿ ಹೇಳಿದರೆ ನೀನು ಮಧ್ಯ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಫ್ಲೋರಿಡಾದಲ್ಲಿರುವ ನಿಮ್ಮ ಸೇಂಟ್ ಪೀಟರ್ಸ್‌ಬರ್ಗ್ ನನಗೆ ಬಹಳ ಹಿಡಿಸಿದ ಊರು. ಹೋದ ವರ್ಷದ ಜನವರಿಯಲ್ಲಿ ಬಂದು ಎರಡು ತಿಂಗಳು ಇದ್ದೆವಲ್ಲ, ಮಂಡಿನೋವು ಮರೆತೇಹೋಗಿತ್ತು. ಅಲ್ಲಿ 1967ರಿಂದ 1969ರವರೆಗೆ ಒಂದು ದಿನವೂ ತಪ್ಪದೆ 768 ದಿನ ಬಿಸಿಲು ಬಿದ್ದು ಗಿನ್ನಿಸ್ ದಾಖಲೆ ಆಯಿತು ಅಂತ ಸೊಸೈಟಿ ಕಟ್ಟೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಬಿಸಿಲು ಬಾರದ ದಿನ ಪೇಪರ್ ಪುಕ್ಕಟೆ ಅಂತ ಅಲ್ಲಿನ ಸಂಜೆ ಪತ್ರಿಕೆಯೊಂದು 1910ರಲ್ಲಿ ಸಾರಿ, 1986ರಲ್ಲಿ ಮುಚ್ಚುವವರೆಗೂ ನಡೆಸಿಕೊಂಡು ಬಂತಂತೆ. ಅಷ್ಟೂ ವರ್ಷಗಳಲ್ಲಿ ಪುಕ್ಕಟೆ ಕೊಡಬೇಕಾಗಿ ಬಂದದ್ದು 300 ಸಲವೂ ಇಲ್ಲ. ನಮ್ಮ ಆಗುಂಬೆಯಲ್ಲಿ ಇಂಥ ಸಾಹಸ ಮಾಡಿದವನು ಆಷಾಢ ಮುಗಿಯುವುದರೊಳಗೆ ಅಚ್ಚಿನ ಮಿಷನ್ ಮಾರಬೇಕಾದೀತು.

ದಿನಾ ಬೆಳಿಗ್ಗೆ ನಾನೂ ಅಳಿಯಂದಿರೂ ನೀರಿನೊಳಕ್ಕೆ ಚಾಚಿದ ಪಿಯರ್ ಕಟ್ಟೆಯ ತನಕ ನಡೆಯುತ್ತಿದ್ದೆವು. ತುದಿಯಲ್ಲಿ ಗಾಳ ಹಾಕಿ ಕೂರುತ್ತಿದ್ದ ಅಜ್ಜನೊಬ್ಬನ ಪಕ್ಕದಲ್ಲೇ ಪೆಲಿಕನ್ ಹಕ್ಕಿ, ಸಾಲ ವಸೂಲಿಗೆ ಬಂದವನ ಹಾಗೆ ಕಾದು ನಿಂತಿರುತ್ತಿತ್ತು. ಒಂದು ದಿನ ಆತ ಮೀನನ್ನು ಗಾಳದಿಂದ ಬಿಡಿಸುತ್ತಿದ್ದಂತೆ ಅದು ಕತ್ತು ಚಾಚಿ ನುಂಗಿಯೇಬಿಟ್ಟಿತು. ಗಂಟಲಚೀಲದೊಳಗೆ ಮೀನು ಒದ್ದಾಡುವುದು ಹೊರಗೇ ಕಾಣುತ್ತಿತ್ತು. ಅಜ್ಜ ಬೈಯಲೂ ಇಲ್ಲ, ಇನ್ನೊಂದು ಎರೆ ಸಿಕ್ಕಿಸಿದ. ಆ ದಂಡೆಯಲ್ಲಿ ಎಷ್ಟು ದೂರ ನಡೆದರೂ ‘ಇದು ನಮ್ಮ ಜಾಗ, ಆಚೆ ಹೋಗಿ’ ಅಂದವರಿಲ್ಲ. ಮೈಲಿಗಟ್ಟಲೆ ಪಾರ್ಕು, ಎಲ್ಲ ಊರಿನದು. ಸ್ಟ್ರಾಬ್ ಎಂಬ ಪತ್ರಿಕಾ ಸಂಪಾದಕ ನೂರು ವರ್ಷಕ್ಕೂ ಹಿಂದೆ ಹಟ ಹಿಡಿದು ಬರೆದು ದಂಡೆಯನ್ನು ಊರಿಗೆ ಉಳಿಸಿದ, ಅವನ ಹೆಸರಿನ ಪಾರ್ಕು ಇದೇ ಅಂತ ನೀನೇ ತೋರಿಸಿದ್ದೆ. ನನಗೆ ಅರ್ಥವಾಗದ್ದು ಇದು: ಇಷ್ಟು ಉದ್ದದ ದಂಡೆ ಊರಿಗೆಲ್ಲ ಬಿಟ್ಟಿ ಇರುವಾಗ, ಸಾಲ ಮಾಡಿ ಹಿತ್ತಿಲಿಗೆ ನೀರು ಕೊಳ್ಳುವುದು ಯಾತಕ್ಕೆ?

ನೀರಿನ ಅಂಚಿನ ಮನೆ ನಮಗೇನು ಹೊಸದಲ್ಲ, ಪುಟ್ಟಿ. ನಾವು ಆಸೆಪಟ್ಟು ಕೊಂಡದ್ದಲ್ಲ, ನೀರೇ ಮನೆಗೆ ಬಂದದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ನನಗೆ ಒಂಬತ್ತು ವರ್ಷ. ಇಲ್ಲಿಯತನಕ ನೀರು ಅಂತ ಗುರುತಿನ ಕಲ್ಲು ನೆಟ್ಟು ಹೋಗಿದ್ದರು. ನಮ್ಮಜ್ಜ ಮಾತ್ರ ಹೊಳೆ ಇರುವ ದಿಕ್ಕನ್ನೇ ನೋಡುತ್ತಾ, ‘ಅಲ್ಲಿಂದ ಇಲ್ಲಿಗೆ ಬರಲು ಅದಕ್ಕೇನು ಕಾಲಿದೆಯಾ’ ಅನ್ನುತ್ತಿದ್ದ. ನೀರು ಹೊಳೆಯ ಕಡೆಯಿಂದ ಬರಲೇ ಇಲ್ಲ. ತೋಟದ ಕಪ್ಪು, ಅಂದರೆ ಬಸಿಗಾಲುವೆಗಳಲ್ಲಿ ಹಿಂದುಹಿಂದಕ್ಕೆ ಏರಿ, ಒಂದು ಬೆಳಿಗ್ಗೆ ಬಚ್ಚಲಿನ ಹಿಂದೆ ಸದ್ದಿಲ್ಲದೆ ನಿಂತಿತ್ತು. ಒಲೆಗೆ ಸೌದೆ ತರಲು ಹೋದ ಅಮ್ಮ ಪಾದ ನೆನೆಸಿಕೊಂಡು ಒಳಗೆ ಬಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಳುಗಡೆ ಅನ್ನುವ ಮಾತು ಮನೆಯೊಳಗೆ ಬಂದದ್ದು ಆವತ್ತು. ಈಗ ಆ ಕಣದ ಮೇಲೆ ನಿಂತ ನೀರನ್ನೇ ‘ಬ್ಯಾಕ್‌ವಾಟರ್ ವ್ಯೂ’ ಅಂತ ಹೋಮ್‌ಸ್ಟೇನವರು ರಾತ್ರಿಗಿಷ್ಟು ಅಂತ ಮಾರುತ್ತಾರೆ. ಇರಲಿ.

ಇದನ್ನು ಹೇಳಿದ್ದೇಕೆಂದರೆ, ನೀನು ನೋಡಿರುವ ಶೋರ್ ಏಕರ್ಸ್ ಬಡಾವಣೆಯಲ್ಲೂ ನೀರು ಹಾಗೇ ಹಿಂದಿನಿಂದ ಬರುತ್ತದೆ. ಮಳೆ ಹನಿ ಇಲ್ಲದ ದಿನವೂ ಸಮುದ್ರದ ಭರತ ಜೋರಾದರೆ ರಸ್ತೆಯ ಚರಂಡಿಯಿಂದ ಉಪ್ಪುನೀರು ಉಕ್ಕುತ್ತದಂತೆ. ಹೋದ ವರ್ಷ ಸೆಪ್ಟೆಂಬರ್ 26ರ ರಾತ್ರಿ ನೀನೇ ಅಳುತ್ತಾ ಫೋನ್ ಮಾಡಿದ್ದೆ. ಹೆಲೀನ್ ಚಂಡಮಾರುತದ ಕಣ್ಣು ನಿಮ್ಮೂರಿಗೆ ಬರಲಿಲ್ಲ, ನೂರು ಮೈಲಿಗೂ ಆಚೆ ಸಮುದ್ರದಲ್ಲೇ ಹಾದು ಹೋಯಿತು. ಆದರೂ ಕೊಲ್ಲಿಯ ನೀರು ಆರಡಿಗೂ ಮೀರಿ ಏರಿತು. ಎರಡು ವಾರ ತುಂಬುವ ಮೊದಲೇ ಮಿಲ್ಟನ್ ಬಂದು ಕ್ರೀಡಾಂಗಣದ ಮಾಡು ಹರಿದು, ಒಂದೇ ದಿನ 18 ಇಂಚು ಮಳೆ ಸುರಿಯಿತು. ಅಂಥ ಮಳೆಯನ್ನು ನಾವೂ ಕಂಡಿದ್ದೇವೆ, ಆದರೆ ನಮ್ಮದು ಗುಡ್ಡ, ಇಳಿದು ಹೋಗುತ್ತದೆ. ನಿಮ್ಮದು ಹಪ್ಪಳದಂಥ ನೆಲ. ಆವತ್ತು ನೀನು ಬಾಡಿಗೆಗಿದ್ದದ್ದು ಮೂರನೇ ಮಹಡಿಯಲ್ಲಿ, ಹಾಗಾಗಿ ಒಂದು ಚಾಪೆಯೂ ನೆನೆಯಲಿಲ್ಲ. ಆ ಪುಣ್ಯವನ್ನು ಇಷ್ಟು ಬೇಗ ಮರೆಯುವುದಾ?

ನೀರಿನ ಪಕ್ಕದಲ್ಲೇ ಇರುವ ಡಾಲಿ ಎಂಬ ಚಿತ್ರಕಾರನ ಮ್ಯೂಸಿಯಂ ನೆನಪಿದೆಯಲ್ಲ. ಗೋಡೆ 18 ಇಂಚು ದಪ್ಪದ ಕಾಂಕ್ರೀಟು, ಚಿತ್ರಗಳಿರುವುದು ಮೂರನೇ ಮಹಡಿಯಲ್ಲಿ. ಆ ಗಡಿಯಾರ ಕರಗುವ ಚಿತ್ರಗಳು ನನಗೆ ತಲೆಬುಡ ತಿಳಿಯಲಿಲ್ಲ, ಕಟ್ಟಿಸಿದವರ ಬುದ್ಧಿ ಮಾತ್ರ ಚೆನ್ನಾಗಿ ತಿಳಿಯಿತು.

ಶಿವಮೊಗ್ಗದಲ್ಲಿ ತುಂಗೆ ತುಂಬಿದಾಗ ಜನ ಏನು ಕೇಳುತ್ತಾರೆ? ‘ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ?’ ಮೀಟರ್ ಬೇಡ, ಲೆಕ್ಕ ಬೇಡ, ಹೊಳೆ ಪಕ್ಕದವರು ಅದನ್ನು ನೋಡಿ ಗಂಟುಮೂಟೆ ಕಟ್ಟುತ್ತಾರೆ. ನೀನೂ ಶಾಲೆಗೆ ರಜೆ ಸಿಗುತ್ತದೆಂದು ಸೇತುವೆ ಮೇಲೆ ಇಣುಕಿದವಳೇ. ನೀನು ಕೊಳ್ಳಬೇಕೆಂದಿರುವ ಬೀದಿಯ ಮಂಟಪ ಯಾವುದು ಅಂತ ಮೊದಲು ಹುಡುಕು. ಏಜೆಂಟನನ್ನು ಕೇಳಬೇಡ. ಪಕ್ಕದ ಮನೆಯ ಮುದುಕಿಯನ್ನು ಕೇಳು, ‘ಆವತ್ತು ನಿಮ್ಮನೆಯಲ್ಲಿ ನೀರು ಎಲ್ಲಿಗೆ ಬಂದಿತ್ತು’ ಅಂತ. ಅವಳು ಮೊಣಕಾಲು ಮುಟ್ಟಿ ತೋರಿಸುತ್ತಾಳೋ ಸೊಂಟವೋ ನೋಡು. ಗೋಡೆಯ ಕೆಳಭಾಗ ಮಾತ್ರ ಹೊಸದಾಗಿದ್ದರೆ ಬಣ್ಣ ನೋಡಿ ಮರುಳಾಗಬೇಡ. ಹಿಂದೆ ಪ್ರವಾಹದ ವಿಮೆ ಹಣ ಪಡೆದಿದ್ದರೆ ಮಾರುವವರು ಅದನ್ನು ಬರೆದು ಕೊಡಬೇಕೆಂದು ಫ್ಲೋರಿಡಾದಲ್ಲಿ 2024ರ ಅಕ್ಟೋಬರ್‌ನಿಂದ ಕಾನೂನಿದೆ. ಆ ಕಾಗದ ಕೈಗೆ ಬರುವವರೆಗೆ ಮುಂಗಡ ಕೊಡಬೇಡ. ಮನೆಯ ಮಾಮೂಲಿ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ, ಅದಕ್ಕೆ ಬೇರೆಯೇ ಕಟ್ಟಬೇಕು. ಇನ್ನೊಂದು, ಹಾಳಾದ ಮನೆಯ ರಿಪೇರಿ ಕಟ್ಟಡದ ಬೆಲೆಯ ಅರ್ಧಕ್ಕೆ ಮುಟ್ಟಿದರೆ ಇಡೀ ಮನೆಯನ್ನೇ ಈಗಿನ ನಿಯಮದ ಎತ್ತರಕ್ಕೆ ಏರಿಸಬೇಕಂತೆ. ಅಳಿಯಂದಿರು ಇದನ್ನು ಓದಿದ್ದಾರಾ?

ಮನೆ ಬೇಡವಾದರೆ ದಂಡೆಯ ಫ್ಲ್ಯಾಟು ಅಂದಿದ್ದೀಯ. ಈಜುಕೊಳ, ಜಿಮ್ಮು, ಪಾರ್ಟಿ ಹಾಲು ಎಲ್ಲ ಇದೆ. ನೀನು ಈಜಿದರೂ ಈಜದಿದ್ದರೂ ತಿಂಗಳಿಗೆ ಅದರ ದುಡ್ಡು ಎಣಿಸಲೇಬೇಕು. ಅದೇ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 2021ರಲ್ಲಿ ಕಟ್ಟಡ ಕುಸಿದು 98 ಜನ ಸತ್ತ ಮೇಲೆ, ಮೂರು ಅಥವಾ ಅದಕ್ಕೂ ಹೆಚ್ಚು ಮಹಡಿಯ ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸಿ ರಿಪೇರಿಗೆ ನಿಧಿ ತೆಗೆದಿಡುವುದು ಕಡ್ಡಾಯವಾಗಿದೆ. ಅದು ಸರಿಯೇ. ಆದರೆ ಮೊದಲಿದ್ದವರು ಕಟ್ಟದೆ ಉಳಿಸಿದ್ದನ್ನು ನೀನು ಒಂದೇ ಏಟಿಗೆ ಕಟ್ಟುವ ಹಾಗಾಗಬಾರದು. ನಿಧಿಯ ಲೆಕ್ಕ ಕೇಳು.

ಕೆಂಪು ಪಾಚಿ ಬಂದಾಗ ಸತ್ತ ಮೀನಿನ ನಾತ, ಕೆಮ್ಮು ಅಂತ ನೀನೇ ಹೇಳಿದ್ದೆ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ, ನಮ್ಮಲ್ಲಿ ರಕ್ತ ಹೀರುವ ಉಂಬಳ ಇಲ್ಲವಾ.

ನನ್ನ ಮನಸ್ಸಿಗೆ ಬಂದದ್ದು ಇಷ್ಟು. ಈ ಸೆಪ್ಟೆಂಬರ್, ಅಕ್ಟೋಬರ್ ಬಾಡಿಗೆ ಮನೆಯಲ್ಲೇ ಕಳೆಯಿರಿ. ಆಮೇಲೆ ಊರಿನ ನಡುವಿನ ಏರು ಜಾಗದಲ್ಲಿ, ಬಿರುಗಾಳಿಗೆ ಮೊದಲು ಖಾಲಿ ಮಾಡಿಸುವ ‘ಎ’ ವಲಯದಿಂದ ಆಚೆ, ಸಣ್ಣದೊಂದು ಮನೆ ನೋಡಿ. ದಂಡೆಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ ಇದ್ದರೆ ಸಾಕು. ಅಂಥದ್ದು ಸಿಕ್ಕಿದ ದಿನ ಸೈಟಿನ ಕಾಗದಕ್ಕೆ ಸಹಿ ಹಾಕಲು ನಾನು ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಡುತ್ತೇನೆ. ಆ ನಾಲ್ಕು ಮೆಟ್ಟಿಲಿನ ಮನೆಗೆ ಮಾತ್ರ ನನ್ನ ಕೈ ಏಳುವುದಿಲ್ಲ. ಬೇಜಾರು ಮಾಡಿಕೊಂಡರೂ ಮಾಡಿಕೊ.

ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬರುವವರಿದ್ದರೆ ತಿಳಿಸು. ಈಗ ಸ್ವಲ್ಪ ಹೊಳವಾದ ಹಾಗಿದೆ, ಮದ್ದು ಹೊಡೆಯುವವರು ಅಂಗಳಕ್ಕೆ ಬಂದು ಕೂಗುತ್ತಿದ್ದಾರೆ. ನಿಲ್ಲಿಸುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ